ಬೆಂಗಳೂರಿನ ಪೇಟೆಯೂ ಪಾದಚಾರಿಯೂ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳು ಇಕ್ಕಟ್ಟಾದುವು. ಮೋಟಾರುಗಳು ಅಲ್ಲಿ ಸರಾಗವಾಗಿ ಹೋಗಲಾರವು. ಆದುದರಿಂದ ಇಕ್ಕೆಲದ ಕಟ್ಟಡಗಳನ್ನು ಕೆಡವಿ ಬೀದಿಗಳನ್ನು ಅಗಲಿಸತಕ್ಕದ್ದೆಂದು ವಾದಿಸುವವರುಂಟು. ಇದು ಪೂರ್ವಪಕ್ಷ. ಬೀದಿಯು ಯಾರಿಗಾಗಿ ಹುಟ್ಟಿತೆಂಬುದನ್ನು ಮಾತ್ರ ಈ ವಾದಿಗಳು ವಿಚಾರಿಸಿದಂತೆ ತೋರುವುದಿಲ್ಲ.

1537ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿ ಪೇಟೆಯನ್ನು ನೆಲೆಗೊಳಿಸಿದಾಗ ಅಲ್ಲಿ ಸಂಚರಿಸಿದುದು ಮನುಷ್ಯರ ಕಾಲು, ಎತ್ತಿನ ಗೊರಸು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಇವುಗಳಲ್ಲಿ ಒಂದೊಂದು ಹೆಸರೂ ಒಂದೊಂದು ಕಸುಬಿನ ಶಾಸನ. ನಡೆಯುವವನು ಇವನ್ನು ನಿಧಾನವಾಗಿ ಓದಬಲ್ಲನು. ವಾಹನದಲ್ಲಿ ಧಾವಿಸುವವನಿಗೆ ಹಲಗೆಯ ಮೇಲಿನ ಅಕ್ಷರವೂ ಕಾಣದು.

ಈಗ ಅವೆನ್ಯೂ ರಸ್ತೆಯೆನಿಸಿರುವ ದೊಡ್ಡಪೇಟೆಯಲ್ಲಿ ಪುಸ್ತಕದಂಗಡಿಗಳನ್ನು ಹಾದು ದಕ್ಷಿಣಕ್ಕೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಅದರಾಚೆ ಹೈದರಲಿಯು 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ಕೋಟೆಯ ಉಳಿದ ತುಂಡು. ಕಾರ್ನ್‌ವಾಲಿಸನ ಸೇನೆಯು 1791ರ ಮಾರ್ಚಿಯಲ್ಲಿ ಈ ಕೋಟೆಯನ್ನು ಒಡೆದು ಒಳನುಗ್ಗಿತು. ಟೀಪುವಿನ ತೇಗದ ಕಂಬಗಳ ಅರಮನೆಯು ಮುಗಿದುದೂ ಅದೇ 1791ರಲ್ಲಿಯೇ. ಅದರ ಪಕ್ಕದಲ್ಲಿಯೇ ಚಿಕ್ಕದೇವರಾಜ ಒಡೆಯರ ಕಾಲದ ವೆಂಕಟರಮಣ ದೇವಾಲಯ. ಎರಡರ ನಡುವಿನ ಕೆಲವೇ ಹೆಜ್ಜೆಗಳಲ್ಲಿ ಅಡಗಿರುವ ಅರ್ಥವು ನಡೆದವನಿಗಲ್ಲದೆ ತಿಳಿಯದು. ಇನ್ನೂ ಮುಂದೆ ನಡೆದರೆ, ಹೈದರಲಿಯು 1760ರಲ್ಲಿ ತೊಡಗಿಸಿದ, ಈಗ 240 ಎಕರೆಗೆ ಬೆಳೆದಿರುವ ಲಾಲ್‌ಬಾಗು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಬಳಲಿದ ಪಾದಚಾರಿಗೆ ಅದಕ್ಕಿಂತ ಹಿರಿಯ ಪೀಠವು ದೊರೆಯದು.

ಇಕ್ಕಟ್ಟಿನ ಮಾತಿಗೆ ಉತ್ತರವನ್ನು ಪೇಟೆಯೇ ವರ್ಷಕ್ಕೊಮ್ಮೆ ಕೊಡುತ್ತಿರುವುದು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಈ ಬೀದಿಗಳಲ್ಲೆಲ್ಲ ಕಾಲ್ನಡೆಯಿಂದಲೇ ಸಾಗಿ, ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುವುದು. ಜನಸಾಗರವೇ ಹರಿಯುವ ಆ ರಾತ್ರಿ ಬೀದಿಯು ಕಿರಿದೆಂದು ದೂರುವವರು ಯಾರು?

ದೋಷವು ಬೀದಿಯದಲ್ಲ, ಬೀದಿಗೆ ಒಗ್ಗದ ವಾಹನವನ್ನು ಅದರೊಳಗೆ ತುರುಕಿದವರದು. ಫುಟ್‌ಪಾತಿನ ಮೇಲೆಯೇ ಮೋಟಾರುಸೈಕಲುಗಳು ನಿಂತಿದ್ದರೆ ಮುದುಕರೂ ಮಕ್ಕಳೂ ಎಲ್ಲಿ ನಡೆಯಬೇಕು? ವ್ಯಾಪಾರವು ಕೆಡುವುದೆಂಬ ಆಕ್ಷೇಪವೂ ನಿಲ್ಲದು: ಸರಕು ಇರುಳಿನಲ್ಲಿ ಬರಬಹುದು, ಗಿರಾಕಿಯು ಅಂಗಡಿಯ ಮೆಟ್ಟಿಲನ್ನು ಎಂದಿದ್ದರೂ ಕಾಲಿನಿಂದಲೇ ಹತ್ತಬೇಕು.

ಆದುದರಿಂದ ಸಿದ್ಧಾಂತವಿಷ್ಟೆ: ಹಗಲಿನಲ್ಲಿ ಪೇಟೆಯ ಒಳಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಡತಕ್ಕದ್ದು. ಅಗಲವಾದ ರಸ್ತೆಯನ್ನು ಬೇಕಾದಲ್ಲಿ ಹೊಸದಾಗಿ ಮಾಡಿಕೊಳ್ಳಬಹುದು. ಕೆಡವಿದ ದೊಡ್ಡಪೇಟೆಯನ್ನು ಯಾವ ಶಿಲ್ಪಿಯೂ ಮರಳಿ ಕೊಡಲಾರನು.