"ಮೊದಲು ಆಡಲಿ, ಆಮೇಲೆ ಕೇಳಲಿ" ಅನ್ನೋ ಗೆಳೆಯರಿಗೆ



2023ರ ಆಗಸ್ಟ್ 6ರಂದು, ಭಾನುವಾರ, ಸಿಡ್ನಿಯಲ್ಲಿ ದಕ್ಷಿಣ ಆಫ್ರಿಕಾದ ಮಹಿಳಾ ಫುಟ್‌ಬಾಲ್ ತಂಡ ನೆದರ್ಲೆಂಡ್ಸ್ ಎದುರು 2–0 ಸೋತು ವಿಶ್ವಕಪ್‌ನಿಂದ ಹೊರಬಿತ್ತು. ನಾನು ಬರೀತಿರೋದು ಆ ಸೋಲಿನ ಬಗ್ಗೆ ಅಲ್ಲ. ಅದಕ್ಕೆ ಐದು ವಾರ ಮೊದಲು ಅವರು "ಆಡಲ್ಲ" ಅಂದ ಒಂದು ಮ್ಯಾಚಿನ ಬಗ್ಗೆ.

ಜುಲೈ ಮೊದಲ ವಾರ ಆ ಸುದ್ದಿಯನ್ನ ನಮ್ಮ ಗ್ರೂಪಿಗೆ ಹಾಕಿದ್ದೆ. ಇಪ್ಪತ್ತು ವರ್ಷದಿಂದ ಚಳವಳಿಯಲ್ಲಿರೋ ನಮ್ಮವರೇ ಒಬ್ಬರು ಕೆಳಗೆ ಬರೆದರು: "ಮೊದಲು ಆಡಲಿ, ಆಮೇಲೆ ಕೇಳಲಿ. ದೇಶದ ಮಾನದ ಪ್ರಶ್ನೆ." ಅದಕ್ಕೆ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ರು. ಹೆಚ್ಚಿನವರ ಪ್ರೊಫೈಲಲ್ಲಿ ಬಾಬಾಸಾಹೇಬರ ಫೋಟೋ. ಅವತ್ತು ಸುಮ್ಮನಿದ್ದೆ. ಟೂರ್ನಿ ಮುಗೀಲಿ ಅಂತ ಕಾದೆ. ಈಗ ಮುಗಿದಿದೆ, ಮಾತಾಡೋಣ.

ಮೊದಲು ನಡೆದದ್ದು ಏನು ಅಂತ ಹೇಳ್ತೀನಿ. ಆ ತಂಡವನ್ನ ಅವರ ಜನ ಪ್ರೀತಿಯಿಂದ ಬನ್ಯಾನಾ ಬನ್ಯಾನಾ ಅಂತಾರೆ. ಹುಡುಗಿಯರು ಅಂತ ಅರ್ಥ. 2022ರ ಜುಲೈನಲ್ಲಿ ರಬಾತ್‌ನಲ್ಲಿ ಆತಿಥೇಯ ಮೊರಾಕ್ಕೊವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಇಡೀ ಆಫ್ರಿಕಾದ ಚಾಂಪಿಯನ್ ಆದವರು. ಎರಡೂ ಗೋಲು ಹಿಲ್ದಾ ಮಗಾಯಾ ಅವರದ್ದು. ವರ್ಷ ಕಳೆದು ಆಸ್ಟ್ರೇಲಿಯಾ–ನ್ಯೂಜಿಲೆಂಡ್ ವಿಶ್ವಕಪ್‌ಗೆ ತಯಾರಿ. ವಿಮಾನ ಹತ್ತೋ ಮೊದಲು ತಾಯ್ನೆಲದಲ್ಲಿ ಒಂದು ಬೀಳ್ಕೊಡುಗೆ ಪಂದ್ಯ, ಜುಲೈ 2ಕ್ಕೆ, ಬೋಟ್ಸ್ವಾನಾ ಎದುರು, ತ್ಸಕಾನೆ ಸ್ಟೇಡಿಯಂನಲ್ಲಿ.

ವಿಶ್ವಕಪ್ ತಂಡದ ಆಟಗಾರ್ತಿಯರು ಆಡಲ್ಲ ಅಂದರು. ಕಾರಣ ಎರಡು. ಒಂದು, ಮೈದಾನ ಗಟ್ಟಿ ನೆಲ. ಮೂರು ವಾರದಲ್ಲಿ ವಿಶ್ವಕಪ್ ಇಟ್ಕೊಂಡು ಅಲ್ಲಿ ಮಂಡಿ ಮುರ್ಕೊಳ್ಳೋಕೆ ಅವರು ತಯಾರಿರಲಿಲ್ಲ. ಎರಡು, ದುಡ್ಡಿನ ವಿಷಯ. ಒಕ್ಕೂಟ ತನ್ನ ಕಡೆಯಿಂದ ಏನು ಕೊಡುತ್ತೆ ಅನ್ನೋದು ಕರಾರಿನಲ್ಲಿ ಬರಬೇಕು ಅಂದರು.

ಒಕ್ಕೂಟ ಏನು ಮಾಡ್ತು ಗೊತ್ತಾ? ಸಿಕ್ಕ ಸಿಕ್ಕ ಹುಡುಗಿಯರನ್ನ ಸೇರಿಸಿ ಒಂದು ತಂಡ ಮಾಡಿ ಮೈದಾನಕ್ಕಿಳಿಸ್ತು. ಅದರಲ್ಲಿ 13 ವರ್ಷದ ಒಂದು ಮಗುವೂ ಇತ್ತು. ಬೋಟ್ಸ್ವಾನಾ 5–0 ಗೆದ್ದಿತು.

ಹದಿಮೂರು ವರ್ಷ! ಮುಷ್ಕರ ಮುರಿಯೋಕೆ ರಾಷ್ಟ್ರೀಯ ತಂಡದ ಅಂಗಿ ತೊಡಿಸಿ ಮಗುವನ್ನ ಇಳಿಸಿದ್ರು. ಆ ಮಗುವಿನ ತಪ್ಪಿಲ್ಲ, ಅದಕ್ಕೆ ಅದು ಕನಸು ನನಸಾದ ದಿನ. ಆದರೆ ಈ ಉಪಾಯ ನಮಗೆ ಗೊತ್ತಿಲ್ವಾ? ಕೂಲಿ ಜಾಸ್ತಿ ಕೇಳಿದ ಕೇರಿಗೆ ಬುದ್ಧಿ ಕಲಿಸೋಕೆ ಪಕ್ಕದ ಊರಿನ ಕೇರಿಯಿಂದಲೇ ಆಳು ತರಿಸಿದ ಗೌಡರ ಕತೆ ನಮ್ಮ ಅಜ್ಜಂದಿರು ಹೇಳಿಲ್ವಾ? ಹಸಿದವನ ವಿರುದ್ಧ ಹಸಿದವನನ್ನೇ ನಿಲ್ಲಿಸೋದು. ಅದೇ ಇದು.

ತ್ಸಕಾನೆ ಅಂದ್ರೆ ಯಾವ ಜಾಗ? ಜೋಹಾನ್ಸ್‌ಬರ್ಗ್‌ನ ಪೂರ್ವಕ್ಕೆ, ವರ್ಣಭೇದದ ಆಳ್ವಿಕೆಯಲ್ಲಿ ಕಪ್ಪು ಜನರನ್ನ ಊರಿಂದಾಚೆ ಇಡೋಕೆ ಮಾಡಿದ ಟೌನ್‌ಶಿಪ್‌ಗಳಲ್ಲಿ ಒಂದು. ನಮಗೆ ಬಿಡಿಸಿ ಹೇಳಬೇಕಿಲ್ಲ, ನಾವು ಕೇರಿಯವರು. 2010ರ ಗಂಡಸರ ವಿಶ್ವಕಪ್‌ಗೆ ಅಂತ ಕೋಟಿ ಕೋಟಿ ಸುರಿದು ಸಜ್ಜು ಮಾಡಿದ ಹತ್ತು ಸ್ಟೇಡಿಯಂ ಆ ದೇಶದಲ್ಲಿತ್ತು. ಅದರಲ್ಲಿ ದೊಡ್ಡದಾದ ಸಾಕರ್ ಸಿಟಿ ಇರೋದು ಅದೇ ಜೋಹಾನ್ಸ್‌ಬರ್ಗ್‌ನಲ್ಲಿ. ಆಫ್ರಿಕಾದ ಚಾಂಪಿಯನ್‌ಗಳಿಗೆ ಬೀಳ್ಕೊಡುಗೆ ಮಾತ್ರ ಗಟ್ಟಿ ನೆಲದಲ್ಲಿ.

ತ್ಸಕಾನೆಗೆ ಹತ್ತಿರದಲ್ಲೇ ಕ್ವಾಥೆಮಾ ಅನ್ನೋ ಇನ್ನೊಂದು ಟೌನ್‌ಶಿಪ್ ಇದೆ. 2008ರ ಏಪ್ರಿಲ್‌ನಲ್ಲಿ ಯೂಡಿ ಸಿಮೆಲಾನೆ ಅನ್ನೋ ಹೆಣ್ಣುಮಗಳನ್ನ ಅಲ್ಲಿ ಅತ್ಯಾಚಾರ ಮಾಡಿ ಕೊಂದರು. ಆಕೆ ಇದೇ ಬನ್ಯಾನಾ ಬನ್ಯಾನಾ ತಂಡಕ್ಕೆ ಆಡಿದವರು. ತಾನು ಹೆಣ್ಣನ್ನು ಪ್ರೀತಿಸುವ ಹೆಣ್ಣು ಅಂತ ಮುಚ್ಚಿಡದೆ ಬದುಕಿದವರು. ಆ ಕೇರಿಗಳಲ್ಲಿ ಹೆಣ್ಣೊಬ್ಬಳು ಚೆಂಡು ಹಿಡಿದು ಹೊರಗೆ ಬರೋದಕ್ಕೆ ಕಟ್ಟಬೇಕಾದ ಬೆಲೆ ಅದು. ಅಷ್ಟು ದಾಟಿ ವಿಶ್ವಕಪ್ ತನಕ ಬಂದವರಿಗೆ ನಾವು ಇಲ್ಲಿ ಫೋನ್ ಹಿಡಿದು ಕೂತು "ಮೊದಲು ಆಡಲಿ" ಅಂತೀವಿ.

ಸರಿ, "ಮೊದಲು ಆಡಲಿ, ಆಮೇಲೆ ಕೇಳಲಿ" ಅನ್ನೋ ವಾದಕ್ಕೆ ಬರೋಣ. ಅದನ್ನೂ ಆಫ್ರಿಕಾದವರು ಮಾಡಿ ನೋಡಿದ್ದಾರೆ ಸ್ವಾಮಿ.

2016ರ ಡಿಸೆಂಬರ್. ನೈಜೀರಿಯಾದ ಹೆಣ್ಣುಮಕ್ಕಳು ಆಡಿದರು. ಬರೀ ಆಡಲಿಲ್ಲ, ಆಫ್ರಿಕಾ ಕಪ್ ಗೆದ್ದರು. ಊರಿಗೆ ಬಂದು ಬಾಕಿ ದುಡ್ಡು ಕೇಳಿದರು. ಕೊಟ್ರಾ? ಅಬುಜಾದ ಹೋಟೆಲಿನಲ್ಲಿ ಕಪ್ ಬಿಟ್ಟುಕೊಡದೆ ಧರಣಿ ಕೂತರು. ಕೊನೆಗೆ ಸಂಸತ್ತಿನ ತನಕ ಮೆರವಣಿಗೆ ಹೋಗಬೇಕಾಯ್ತು. ಗೆದ್ದ ಕಪ್ ಕೈಯಲ್ಲಿ, ಬೇಡಿಕೆಯ ಫಲಕ ಇನ್ನೊಂದು ಕೈಯಲ್ಲಿ.

ಇನ್ನೂ ಹಿಂದಕ್ಕೆ ಹೋಗಿ. 1974, ಜರ್ಮನಿ. ಜೈರ್ ದೇಶ, ಇವತ್ತಿನ ಕಾಂಗೊ. ಸಹಾರಾದ ದಕ್ಷಿಣದಿಂದ ವಿಶ್ವಕಪ್ ಆಡಿದ ಮೊದಲ ತಂಡ. ಅವರಿಗೆ ಬರಬೇಕಾದ ದುಡ್ಡು ನಡುವೆಯೇ ಮಾಯ ಆಯ್ತು. ಯುಗೋಸ್ಲಾವಿಯಾ ಎದುರು ಆಡಲ್ಲ ಅಂದವರನ್ನ ಒಪ್ಪಿಸಿ ಇಳಿಸಿದ್ರು. ಮನಸ್ಸಿಲ್ಲದೆ ಆಡಿ 9–0 ಸೋತರು. ಆಮೇಲೆ ಸರ್ವಾಧಿಕಾರಿ ಮೊಬುಟುವಿನ ಜನ ಬಂದು ಬ್ರೆಜಿಲ್ ಎದುರು ಮೂರಕ್ಕಿಂತ ಜಾಸ್ತಿ ಗೋಲು ಬಿಟ್ಟುಕೊಟ್ಟರೆ ನೆಟ್ಟಗಿರಲ್ಲ ಅಂತ ಬೆದರಿಸಿದರು. ಆ ಮ್ಯಾಚಲ್ಲಿ ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಾಗ ಮ್ವೆಪು ಇಲುಂಗಾ ಅನ್ನೋ ಆಟಗಾರ ಗೋಡೆಯಿಂದ ಓಡಿಬಂದು ಚೆಂಡನ್ನ ತಾನೇ ದೂರ ಒದ್ದುಬಿಟ್ಟ. ಜಗತ್ತು ದಶಕಗಟ್ಟಲೆ ನಕ್ಕಿತು: "ನೋಡಿ, ಆಫ್ರಿಕಾದವರಿಗೆ ನಿಯಮವೇ ಗೊತ್ತಿಲ್ಲ!" ನಿಯಮ ನನಗೆ ಚೆನ್ನಾಗೇ ಗೊತ್ತಿತ್ತು, ಬೇಕಂತಲೇ ಮಾಡಿದೆ, ಅದು ನನ್ನ ಪ್ರತಿಭಟನೆ ಅಂತ ಆತ ಮುಂದೆ ಹೇಳಿದರು.

ಕೂಲಿ ಕೊಡದೆ ದುಡಿಸಿದ್ದು ಯಾರಿಗೂ ಕಾಣಲಿಲ್ಲ. ದುಡಿದವನ ಸಿಟ್ಟು ಮಾತ್ರ ದಡ್ಡತನವಾಗಿ ಕಾಣ್ತು. ಇದು ಯಾವ ಕನ್ನಡಕದ ನೋಟ ಅಂತ ನಿಮಗೆ ಗೊತ್ತು.

ಎರಡನೇ ವಾದ, "ದೇಶದ ಮಾನ." ಯಾವ ದೇಶ ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ. 1957ರಲ್ಲಿ ಮೊದಲ ಆಫ್ರಿಕಾ ಕಪ್ ನಡೆದಾಗ ಕಪ್ಪು–ಬಿಳಿ ಬೆರೆತ ತಂಡ ಕಳಿಸಲ್ಲ ಅಂದಿದ್ದಕ್ಕೆ ದಕ್ಷಿಣ ಆಫ್ರಿಕಾಕ್ಕೆ ಬಾಗಿಲು ಮುಚ್ಚಿತು. 1961ರಲ್ಲಿ ಫಿಫಾ ಅಮಾನತು ಮಾಡ್ತು, 1976ರಲ್ಲಿ ಉಚ್ಚಾಟಿಸ್ತು, ವಾಪಸ್ ಸೇರಿಸಿಕೊಂಡದ್ದು 1992ರಲ್ಲಿ. ಇದೆಲ್ಲ ಫಿಫಾದ ಒಳ್ಳೆಯತನದಿಂದ ಆಗಿದ್ದಲ್ಲ. ನಾವು ನಿಮ್ಮ ಜೊತೆ ಆಡಲ್ಲ ಅಂತ ಬೇರೆಯವರು ಪಟ್ಟು ಹಿಡಿದು ನಿಂತಿದ್ದರಿಂದ ಆಗಿದ್ದು. ಅಸಹಜ ಸಮಾಜದಲ್ಲಿ ಸಹಜ ಆಟ ಸಾಧ್ಯವಿಲ್ಲ ಅನ್ನೋದು ಆ ದೇಶದ ಕಪ್ಪು ಕ್ರೀಡಾ ಚಳವಳಿಯ ಘೋಷಣೆಯೇ ಆಗಿತ್ತು. 1966ರ ವಿಶ್ವಕಪ್‌ನಲ್ಲಿ ಆಫ್ರಿಕಾಕ್ಕೆ ಅಂತ ಒಂದೂ ನೇರ ಸ್ಥಾನ ಇಟ್ಟಿರಲಿಲ್ಲ. ಇಡೀ ಖಂಡ ಆಡಲ್ಲ ಅಂತು. 1970ಕ್ಕೆ ಒಂದು ಸ್ಥಾನ ಬಂತು.

ಅಂದ್ರೆ "ಆಡಲ್ಲ" ಅನ್ನೋದು ಆ ದೇಶಕ್ಕೆ ಅವಮಾನ ಅಲ್ಲ. ಆ ದೇಶ ಬಿಡುಗಡೆ ಆಗೋಕೆ ಬಳಸಿದ ಆಯುಧಗಳಲ್ಲಿ ಅದೂ ಒಂದು. ಅಪ್ಪಂದಿರು ಹಿಡಿದಾಗ ಅದು ಹೋರಾಟ. ಹೆಣ್ಣುಮಕ್ಕಳು ಕೈಗೆತ್ತಿಕೊಂಡಾಗ ಅಶಿಸ್ತು, ದುರಾಸೆ. ಹೆಂಗೆ?

ನಮ್ಮಲ್ಲೂ ಇದಕ್ಕೆ ಇತಿಹಾಸ ಇದೆ. ಪಾಲ್ವಂಕರ್ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಚಮ್ಮಾರರ ಮನೆಯಲ್ಲಿ. ಆ ಕಾಲದ ದೊಡ್ಡ ಬೌಲರ್. ಹಿಂದೂ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ನಾಯಕತ್ವ ಮಾತ್ರ ಕೊಡಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ಶಿವರಾಂ, ವಿಠ್ಠಲ್ ಈ ಅನ್ಯಾಯಕ್ಕೆ ಪ್ರತಿಭಟಿಸಿ ತಂಡದಿಂದ ಹೊರನಡೆದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾದರು. "ಮೊದಲು ಆಡಲಿ" ಅಂತ ಅವತ್ತೂ ಎಷ್ಟು ಜನ ಅಂದಿರಬೇಕು!

ಮೂರನೇ ವಾದ ಇನ್ನೂ ನಾಜೂಕು. "ದುಡ್ಡು ಬಂತಲ್ಲ, ಮತ್ಯಾಕೆ ಗಲಾಟೆ?" ಬಂತು. ಹೆಂಗೆ ಬಂತು ಅನ್ನೋದೇ ನನ್ನ ತಕರಾರು.

ಈ ವಿಶ್ವಕಪ್‌ಗೆ ಪ್ರತಿ ಆಟಗಾರ್ತಿಗೂ ಕನಿಷ್ಠ 30,000 ಡಾಲರ್ ಅಂತ ಫಿಫಾ ಘೋಷಿಸಿತ್ತು. ಅದು ಇದ್ದಮೇಲೆ ಒಕ್ಕೂಟದಿಂದ ಬೇರೆ ಯಾಕೆ ಅಂತ ಕೇಳಿದವರಿದ್ದಾರೆ. ಆದರೆ ಟೂರ್ನಿ ಶುರುವಾಗೋ ಹಿಂದಿನ ದಿನ ಫಿಫಾ ಅಧ್ಯಕ್ಷ ಇನ್ಫಾಂಟಿನೊ ಏನಂದ್ರು? ದುಡ್ಡು ಹೋಗೋದು ಒಕ್ಕೂಟಗಳ ಮೂಲಕ ಅಂದ್ರು, ಅದು ನೇರ ಆಟಗಾರ್ತಿಯರ ಕೈ ಸೇರುತ್ತೆ ಅನ್ನೋ ಖಾತ್ರಿ ಕೊಡಲಿಲ್ಲ. ಹಂಗಾದ್ರೆ ಮೊದಲೇ ಬರೆದುಕೊಡಿ ಅಂದವರು ದಡ್ಡರಾ, ಜಾಣರಾ?

ಕೊನೆಗೆ ಗಂಟು ಬಿಚ್ಚಿದ್ದು ಯಾರು? ಗಣಿ ಉದ್ಯಮಿ, ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಪ್ಯಾಟ್ರಿಸ್ ಮೊಟ್ಸೆಪೆ ಕುಟುಂಬದ ಫೌಂಡೇಶನ್. 60 ಲಕ್ಷ ರ‍್ಯಾಂಡ್ ಕೊಟ್ಟಿತು. ಆಟಗಾರ್ತಿಯರು ವಿಮಾನ ಹತ್ತಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಅವರು ದುಡ್ಡು ತಗೊಂಡಿದ್ದು ತಪ್ಪು ಅಂತ ನಾನು ಹೇಳಲ್ಲ. ಮನೆ ನಡೆಸೋರಿಗೆ ದುಡ್ಡು ಬೇಕು. ಆದರೆ ನೋಡಿ, ಅವರು ಕೇಳಿದ್ದು ಹಕ್ಕು, ಸಿಕ್ಕಿದ್ದು ದಾನ. ಹಕ್ಕಾಗಿದ್ದರೆ ಮುಂದಿನ ಟೂರ್ನಿಗೂ ಇರ್ತಿತ್ತು, ಮುಂದೆ ಬರೋ ಹುಡುಗಿಯರಿಗೂ ಇರ್ತಿತ್ತು. ದಾನಕ್ಕೆ ಮುಂದಿನ ಸಲ ಇಲ್ಲ. ಹಕ್ಕು ಪಡೆದವಳು ತಲೆ ಎತ್ತಿ ನಿಲ್ತಾಳೆ, ದಾನ ಪಡೆದವಳು ಥ್ಯಾಂಕ್ಸ್ ಹೇಳಬೇಕಾಗುತ್ತೆ. ಕೊಡಬೇಕಾಗಿದ್ದ ಒಕ್ಕೂಟ ಜೇಬಿಗೆ ಕೈ ಹಾಕದೆ ಪಾರಾಯ್ತು, ಕೊಟ್ಟ ಧಣಿ ದೊಡ್ಡವರಾದರು. ನಮ್ಮ ಪೌರಕಾರ್ಮಿಕರ ಪಾದ ತೊಳೆದು ಫೋಟೋ ಹಿಡಿಸ್ಕೊಂಡವರಿಗೆ ಅವರ ಕೆಲಸ ಕಾಯಂ ಮಾಡಿ ಅಂದಾಗ ಮಾತ್ರ ಕಿವಿ ಕೇಳಿಸಲಿಲ್ವಲ್ಲ, ಅದೇ ರೋಗ. ಮಹಾರ್ ವತನದ ಬಿಟ್ಟಿ ಚಾಕರಿ ವಿರುದ್ಧ ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದಾಗ ಧಣಿಗಳ ಹತ್ತಿರ ಕರುಣೆ ಕೇಳಲಿಲ್ಲ. ಕಾನೂನು ಕೇಳಿದರು.

ಆಮೇಲೆ ಏನಾಯ್ತು? 2019ರ ವಿಶ್ವಕಪ್‌ನಲ್ಲಿ ಮೂರಕ್ಕೆ ಮೂರೂ ಸೋತಿದ್ದ ತಂಡ ಇದು. ಈ ಸಲ ಸ್ವೀಡನ್ ಎದುರು ಕೊನೆ ನಿಮಿಷದ ಗೋಲಿನಿಂದ 2–1 ಸೋಲು. ಅರ್ಜೆಂಟಿನಾ ಜೊತೆ 2–2. ಇಟಲಿ ಎದುರು ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಟೆಂಬಿ ಖಟ್ಲಾನಾ ಹೊಡೆದ ಗೋಲಿನಿಂದ 3–2 ಗೆಲುವು. ಆ ದಿನಗಳಲ್ಲೇ ಮನೆಯ ಮೂವರನ್ನ ಕಳ್ಕೊಂಡಿದ್ದರು ಆಕೆ, ಊರಿಗೆ ಹೋಗದೆ ತಂಡದ ಜೊತೆ ಉಳಿದರು. ಗಂಡಸರ ತಂಡ 1998, 2002, 2010ರಲ್ಲಿ ಮೂರು ಸಲ ಆಡಿಯೂ ದಾಟದ ಮೊದಲ ಹಂತವನ್ನ ಈ ಹೆಣ್ಣುಮಕ್ಕಳು ದಾಟಿದರು. ದೇಶದ ಮಾನ ತೆಗೆದವರು ಇವರೇ ತಾನೇ?

ಆದರೆ ಒಂದು ಮಾತು ಸ್ಪಷ್ಟ ಇರಲಿ. ಗೆದ್ದರು, ಅದಕ್ಕೆ ಅವರು ಕೇಳಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಎಲ್ಲ ಪಂದ್ಯ ಸೋತು ಬಂದಿದ್ರೂ ಕೇಳಿದ್ದು ಸರಿಯೇ. ಕೂಲಿ ಕೇಳೋಕೆ ಚಾಂಪಿಯನ್ ಆಗಬೇಕಿಲ್ಲ. ಕೆಲಸ ಮಾಡಿದ್ರೆ ಸಾಕು.

ಈಗ ಕಹಿ ಮಾತು. ದಕ್ಷಿಣ ಆಫ್ರಿಕಾದ ಆ ಒಕ್ಕೂಟದ ಕುರ್ಚಿಯಲ್ಲಿ ಕೂತಿರೋರು ಬಿಳಿಯರಲ್ಲ. ವರ್ಣಭೇದದ ವಿರುದ್ಧ ಹೋರಾಡಿ ಬಂದವರೂ ಅಲ್ಲಿದ್ದಾರೆ. ಅದಕ್ಕೇ ಈ ಸುದ್ದಿ ನನಗೆ ನಿದ್ದೆ ಕೊಡಲಿಲ್ಲ. ಧಣಿ ಬೇರೆಯವನಾಗಿದ್ದರೆ ನಮಗೆ ಘೋಷಣೆ ಬಾಯಿಪಾಠ. ಧಣಿಯ ಜಾಗದಲ್ಲಿ ನಾವೇ ಕೂತಾಗ?

ಕಳೆದ ವರ್ಷ ನಮ್ಮ ಜಿಲ್ಲಾ ಸಮಾವೇಶ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಎಂಟುನೂರು ಜನಕ್ಕೆ ಅಡುಗೆ ಮಾಡಿ, ಬಡಿಸಿ, ಎಂಜಲು ಬಳಿದು, ಪಾತ್ರೆ ತೊಳೆದವರು ನಮ್ಮ ಅಕ್ಕಂದಿರು. ಅವತ್ತಿನ ಕೂಲಿ ಬಿಟ್ಟು ಬಂದವರು. ಸಂಜೆ ಒಬ್ಬರು ಬಂದು "ಅಣ್ಣಾ, ಬಸ್ ಚಾರ್ಜಾದ್ರೂ ಕೊಡ್ತೀರಾ?" ಅಂದರು. ನಮ್ಮವರೊಬ್ಬರು ನಕ್ಕೊಂಡು ಹೇಳಿದ್ರು: "ಏನಕ್ಕಾ, ಬಾಬಾಸಾಹೇಬರ ಕೆಲಸಕ್ಕೂ ಲೆಕ್ಕ ಕೇಳ್ತೀರಾ?" ವೇದಿಕೆಯ ಹಾರಕ್ಕೆ, ಬ್ಯಾನರಿಗೆ, ಅತಿಥಿಗಳ ಕಾರಿಗೆ ಎಲ್ಲದಕ್ಕೂ ಲೆಕ್ಕ ಇತ್ತು. ಅಕ್ಕಂದಿರಿಗೆ ಮಾತ್ರ ತ್ಯಾಗ. ನಾನೂ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹಾಗಾಗಿ "ಮೊದಲು ಆಡಲಿ" ಅಂದ ಆ ಹಿರಿಯರನ್ನ ನಾನು ದೂರ ನಿಂತು ಬಯ್ತಿಲ್ಲ. ಆ ಮಾತು ನನ್ನ ಬಾಯಲ್ಲೂ ಇತ್ತು, ಆಡದೆ ನುಂಗಿದ್ದೆ ಅಷ್ಟೆ.

ಡಿಸೆಂಬರ್ 6ರ ಕಾರ್ಯಕ್ರಮಕ್ಕೆ ಪೂರ್ವಭಾವಿ ಸಭೆ ಬರುತ್ತೆ. ಆ ಸಭೆಯ ಮೊದಲ ವಿಷಯವಾಗಿ ನಾನು ಇಡೋದು ಇಷ್ಟೇ: ಅಡುಗೆ ಮಾಡೋ, ಗುಡಿಸೋ, ಕುರ್ಚಿ ಹಾಕೋ ಪ್ರತಿಯೊಬ್ಬರಿಗೂ ದಿನದ ಕೂಲಿ ಮತ್ತು ಬಸ್ ಚಾರ್ಜು, ಕಾರ್ಯಕ್ರಮಕ್ಕೆ ಮೊದಲೇ, ಬರವಣಿಗೆಯಲ್ಲಿ. ದುಡ್ಡು ಸಾಲದಿದ್ರೆ ಹಾರ ಬೇಡ, ಬ್ಯಾನರ್ ಸಣ್ಣದಾಗಲಿ, ಅತಿಥಿಗಳು ಬಸ್ಸಲ್ಲಿ ಬರಲಿ. ಯಾರೂ ಜೇಬಿಂದ ತೆಗೆದು ಉದಾರವಾಗಿ ಕೊಡೋದೂ ಬೇಡ. ನಿರ್ಣಯ ಆಗಲಿ, ಪುಸ್ತಕದಲ್ಲಿ ಬರಲಿ.

ಆಗಲ್ಲ ಅಂದ್ರೆ ಆ ದಿನ ನನ್ನ ಹೆಸರು ಭಾಷಣದ ಪಟ್ಟಿಯಲ್ಲಿ ಹಾಕಬೇಡಿ. ನಾನೂ ಆಡಲ್ಲ.

ಜೈ ಭೀಮ್.