ಕ್ರೀಡಾ ಸೀಟು, ಹನ್ನೆರಡು ಜನರ ತಂಡ ಮತ್ತು ಮೂರು ವರ್ಷದ ಪದವಿ: ಪಶ್ಚಿಮ ಬೆಂಗಳೂರಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಕಲಿಸುವ ಪಾಠ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಮುಂದೇನು ಎಂಬ ಚರ್ಚೆ ಆರಂಭವಾಗುತ್ತದೆ. ಅಂಕಗಳ ಆಧಾರದಲ್ಲಿ ಸೀಟು ಹುಡುಕುವವರ ನಡುವೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವರ್ಗವೂ ಕಾಣಿಸುತ್ತಿದೆ. ಮಗ ಅಥವಾ ಮಗಳು ಚೆನ್ನಾಗಿ ಆಡುತ್ತಾರೆ, ಬೆಂಗಳೂರಿನ ಕಾಲೇಜೊಂದು ಶುಲ್ಕ ವಿನಾಯಿತಿ, ಹಾಸ್ಟೆಲ್, ಊಟ ಕೊಡುತ್ತೇವೆ ಎನ್ನುತ್ತಿದೆ, ಕಳುಹಿಸಬಹುದೇ ಎಂದು ಹೆತ್ತವರು ಧರ್ಮಗುರುಗಳಲ್ಲಿ, ಶಾಲೆಯ ಪಿ.ಟಿ. ಮಾಸ್ತರರಲ್ಲಿ ಕೇಳುತ್ತಾರೆ. ಈ ಪ್ರಶ್ನೆಗೆ ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭ. ಆದರೆ ಆ ಸೀಟು ಯಾಕೆ ಬಂತು, ಕಾಲೇಜು ಯಾವ ಲೆಕ್ಕ ಹಾಕಿ ಅದನ್ನು ಕೊಡುತ್ತಿದೆ ಎಂಬುದು ತಿಳಿಯದೆ ಕೊಟ್ಟ ಉತ್ತರ ಉಪಯೋಗಕ್ಕೆ ಬಾರದು. ಬ್ಯಾಸ್ಕೆಟ್‌ಬಾಲ್ ಆಟವನ್ನೇ ಉದಾಹರಣೆಯಾಗಿಟ್ಟುಕೊಂಡು, ಪಶ್ಚಿಮ ಬೆಂಗಳೂರಿನ ಕಾಲೇಜುಗಳತ್ತ ನೋಡುತ್ತ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಎಲ್ಲವೂ ಇರುವ ಪಟ್ಟಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗಿನ ಪಟ್ಟಿಯನ್ನು ಗಮನಿಸಿ. 1963ರಲ್ಲಿ ಆರಂಭವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಕಾಲೇಜು, ರಾಜಾಜಿನಗರದ ಕೆಎಲ್‌ಇ ಸಂಸ್ಥೆಯ ನಿಜಲಿಂಗಪ್ಪ ಕಾಲೇಜು, ಸಿ.ಎಂ.ಐ. ಸಭೆಯ ಗುರುಗಳು ನಡೆಸುವ ಕ್ರೈಸ್ಟ್ ವಿಶ್ವವಿದ್ಯಾಲಯದ ಕೆಂಗೇರಿ ಆವರಣ ಎಲ್ಲವೂ ಈ ಭಾಗದಲ್ಲಿವೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವೂ ಇಲ್ಲಿದೆ. ಅದಕ್ಕೆ ತಾಗಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳ ಶಿಬಿರ ನಡೆಯುವ ಜಾಗವಿದು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲೆ, ರಾಜಾಜಿನಗರದ ಹುಡುಗನೊಬ್ಬ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗಕ್ಕೆ ಬದಲಾಯಿಸಿ ಕೆಂಗೇರಿಯ ಅಂಗಣಕ್ಕೆ ಹೋಗುವುದು ಕಷ್ಟವಲ್ಲ.

ಹೀಗೆ ಅಂಗಣ, ಹಾಸ್ಟೆಲ್, ಸಾರಿಗೆ ಎಲ್ಲವೂ ಇರುವಾಗ ಒಳ್ಳೆಯ ತಂಡ ಕಟ್ಟುವುದು ಯಾಕೆ ಇಷ್ಟು ಕಷ್ಟವಾಗಬೇಕು? ಉತ್ತರ ಅಂಗಣದಲ್ಲಿಲ್ಲ, ಪ್ರವೇಶಾತಿಯ ಪುಸ್ತಕದಲ್ಲಿದೆ.

ಹನ್ನೆರಡರ ಲೆಕ್ಕ

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 12 ಮಂದಿ. ಅಂಗಣದಲ್ಲಿ ಏಕಕಾಲಕ್ಕೆ ಆಡುವವರು 5 ಮಂದಿ. ಪದವಿ ಮೂರು ವರ್ಷದ್ದಾದರೆ ಪ್ರತಿ ವರ್ಷ 4 ಮಂದಿ ಹೊರಹೋಗಿ 4 ಮಂದಿ ಒಳಬರುವುದು ಆರೋಗ್ಯಕರ ವ್ಯವಸ್ಥೆ. ಹಿರಿಯರು ಕಿರಿಯರಿಗೆ ಕಲಿಸುತ್ತಾರೆ, ತಂಡದ ಆಟದ ರೀತಿ ಒಂದು ಬ್ಯಾಚ್‌ನಿಂದ ಮತ್ತೊಂದಕ್ಕೆ ದಾಟುತ್ತದೆ.

ಸೋತು ಸುಣ್ಣವಾದ ತಂಡವನ್ನು ಹೊಸದಾಗಿ ಕಟ್ಟಲು ಹೊರಟ ಆಡಳಿತ ಮಂಡಳಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಒಂದೇ ವರ್ಷ 8 ಮಂದಿಯನ್ನು ಸೇರಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಅವರು ಎಳೆಯರು, ಸೋಲುತ್ತಾರೆ. ಎರಡನೇ ವರ್ಷ ಸುಧಾರಿಸುತ್ತಾರೆ. ಮೂರನೇ ವರ್ಷ ಟ್ರೋಫಿ ಬರುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಆದರೆ ಈ ಮೂರೂ ವರ್ಷ ಉಳಿದ ಬ್ಯಾಚ್‌ಗಳಿಗೆಲ್ಲ ಸೇರಿ ತಂಡದಲ್ಲಿದ್ದದ್ದು 4 ಜಾಗ ಮಾತ್ರ. 8 ಮಂದಿ ಒಟ್ಟಿಗೆ ಪದವಿ ಪಡೆದು ಹೊರಟ ದಿನ ಉಳಿಯುವವರು ಹೆಚ್ಚಾಗಿ ಬೆಂಚಿನಲ್ಲಿ ಕುಳಿತಿದ್ದವರು. ಮತ್ತೆ 8 ಹೊಸಬರನ್ನು ತರಬೇಕು. ಹೀಗೆ ಮೂರು ವರ್ಷಕ್ಕೊಮ್ಮೆ ಏರುವುದು, ಬೀಳುವುದು ನಡೆದೇ ಇರುತ್ತದೆ.

ಸಂಖ್ಯೆಯ ಜೊತೆಗೆ ಸ್ಥಾನದ ಲೆಕ್ಕವೂ ಇದೆ. ಚೆಂಡನ್ನು ನಿಭಾಯಿಸಿ ಆಟ ನಡೆಸುವ ಗಾರ್ಡ್ ಮತ್ತು ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಪಿವೋಟ್, ಈ ಇಬ್ಬರನ್ನು ತಯಾರು ಮಾಡಲು ಕಾಲ ಬೇಕು. ಮೂರನೇ ವರ್ಷದ ಗಾರ್ಡ್ ಆಡುತ್ತಿರುವಾಗಲೇ ಮೊದಲ ವರ್ಷದಲ್ಲಿ ಒಬ್ಬ ಗಾರ್ಡ್ ಕಲಿಯುತ್ತಿರಬೇಕು. ಎತ್ತರ ನೋಡಿ ನಾಲ್ವರನ್ನು ಆರಿಸಿ, ಚೆಂಡು ಕೊಂಡೊಯ್ಯುವವರೇ ಇಲ್ಲದೆ ಪರದಾಡುವ ತಂಡಗಳನ್ನು ನಾವು ನೋಡಿದ್ದೇವೆ.

ನೀತಿ ಬದಲಾದರೆ ತಂಡವೂ ಬದಲು

ಈ ಲೆಕ್ಕವನ್ನು ಸರ್ಕಾರದ ನೀತಿಗಳು ಅರಿವಿಲ್ಲದೆಯೇ ಅಲುಗಾಡಿಸಿವೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಜಾರಿಗೆ ಬಂತು. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮತ್ತೆ ಮೂರು ವರ್ಷದ ಪದವಿಗೆ ಮರಳಿದವು. ಶಿಕ್ಷಣದ ದೃಷ್ಟಿಯಿಂದ ಇದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ತಂಡದ ದೃಷ್ಟಿಯಿಂದ ಪರಿಣಾಮ ಸ್ಪಷ್ಟ: ನಾಲ್ಕು ವರ್ಷವಿದ್ದರೆ ಪ್ರತಿ ವರ್ಷ 3 ಮಂದಿ ಹೋಗಿ 9 ಮಂದಿ ಅನುಭವಿಗಳು ಉಳಿಯುತ್ತಾರೆ, ಮೂರು ವರ್ಷವಾದರೆ 4 ಮಂದಿ ಹೋಗಿ 8 ಮಂದಿ ಉಳಿಯುತ್ತಾರೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಗೂ ನಾಲ್ಕು ವರ್ಷವಿದೆ. ಡೀಮ್ಡ್ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೂ ನೀಡುತ್ತಿವೆ. ಹಾಗಾಗಿ ಒಂದೇ ರಸ್ತೆಯ ಎರಡು ಕಾಲೇಜುಗಳು ಸಮಾನವಲ್ಲದ ನೆಲದಲ್ಲಿ ನಿಂತು ಸ್ಪರ್ಧಿಸುತ್ತಿವೆ.

ಎರಡನೆಯ ಬದಲಾವಣೆ ವಿಶ್ವವಿದ್ಯಾಲಯಗಳ ವಿಭಜನೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳು ಬೇರೆಯಾದವು. ಒಂದು ತಂಡಕ್ಕೆ ಆಯ್ಕೆಯಾಗಲು ಬರುತ್ತಿದ್ದ ಯುವಕರು ಮೂರು ಕಡೆ ಹಂಚಿಹೋದರು. 2008ರಲ್ಲಿ ಕ್ರೈಸ್ಟ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಗಿತ್ತು. 2022ರಲ್ಲಿ ಸಂತ ಜೋಸೆಫರ ಕಾಲೇಜು ಕೂಡ ವಿಶ್ವವಿದ್ಯಾಲಯವಾಯಿತು. ಕೊಡಗು ವಿಶ್ವವಿದ್ಯಾಲಯ 2023ರಲ್ಲಿ ಆರಂಭವಾದಾಗ ನಮ್ಮ ಮಂಗಳೂರು ವಿಶ್ವವಿದ್ಯಾಲಯವೂ, 2024ರಲ್ಲಿ ಸಂತ ಅಲೋಶಿಯಸ್ ಡೀಮ್ಡ್ ಆದಾಗ ಮಂಗಳೂರು ನಗರವೂ ಇದೇ ಅನುಭವವನ್ನು ಕಂಡಿವೆ. ತಂಡಗಳ ಸಂಖ್ಯೆ ಏರಿತು. ಆಡುವ ಮಕ್ಕಳ ಸಂಖ್ಯೆ ಅದೇ ವೇಗದಲ್ಲಿ ಏರಲಿಲ್ಲ. ಹಾಗಾಗಿ ಒಬ್ಬ ಒಳ್ಳೆಯ ಪಿವೋಟ್‌ನ ಹಿಂದೆ ನಾಲ್ಕೈದು ಸಂಸ್ಥೆಗಳು ಬೀಳುವುದು ಆಶ್ಚರ್ಯವೇನಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆಟಗಾರರು ತಯಾರಾಗಬೇಕಾದ ಪಿಯುಸಿಯ ಎರಡು ವರ್ಷಗಳಲ್ಲಿ ಆಟವೇ ನಿಂತುಹೋಗುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಶಾಲಾ ತಂಡದಲ್ಲಿ ಆಡಿದ ಮಗು ಪಿಯುಸಿಗೆ ಬಂದೊಡನೆ ಸಿಇಟಿ, ನೀಟ್, ಜೆಇಇ ತರಬೇತಿಯ ಕೋಣೆ ಸೇರುತ್ತದೆ. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. 2017ರ ಜುಲೈಯಲ್ಲಿ ಬೆಂಗಳೂರಿನಲ್ಲೇ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು ಸೋಲಿಸಿ ಮೇಲಿನ ವಿಭಾಗಕ್ಕೇರಿತು. 2019ರಲ್ಲಿ ಅದೇ ಕಂಠೀರವ ಒಳಾಂಗಣದಲ್ಲಿ ಎಂಟು ತಂಡಗಳಲ್ಲಿ ಕೊನೆಯ ಸ್ಥಾನ ಪಡೆಯಿತು. ಮೇಲೇರುವುದಕ್ಕಿಂತ ಅಲ್ಲಿ ಉಳಿಯುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕೆಳಗಿನಿಂದ ಬರುವ ಸಾಲು ಉದ್ದವಾಗಿಲ್ಲದಿದ್ದರೆ ಗೆಲುವು ನಿಲ್ಲುವುದಿಲ್ಲ.

ಅಮೆರಿಕದತ್ತ ಒಂದು ನೋಟ

1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದ್ದು, ಚಳಿಗಾಲದಲ್ಲಿ ಒಳಗೆ ಕುಳಿತು ಬೇಸತ್ತ ವಿದ್ಯಾರ್ಥಿಗಳಿಗಾಗಿ. ಇಂದು ಅದೇ ದೇಶದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ದೊಡ್ಡ ವ್ಯಾಪಾರವಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. 2024ರಿಂದ ಓದಿನ ಷರತ್ತು ಪೂರೈಸಿದವರು ಎಷ್ಟು ಸಲ ಕಾಲೇಜು ಬದಲಿಸಿದರೂ ತಕ್ಷಣ ಆಡಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಮೊದಲ ವರ್ಷ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಪಾವತಿಸಬಹುದು. ಹಿಂದೆ ತರಬೇತುದಾರರು ನಾಲ್ಕು ವರ್ಷದ ಬ್ಯಾಚ್‌ಗಳನ್ನು ಸಮತೋಲನದಲ್ಲಿ ಇಡಲು ಶ್ರಮಿಸುತ್ತಿದ್ದರು. ಈಗ ಪ್ರತಿ ವಸಂತದಲ್ಲಿ ಅರ್ಧ ತಂಡವೇ ಬದಲಾಗುವುದು ಅಲ್ಲಿ ಅಪರೂಪವಲ್ಲ.

ನಮ್ಮ ಓದುಗರಿಗೆ ವಿಲ್ಲನೋವಾ ವಿಶ್ವವಿದ್ಯಾಲಯದ ಹೆಸರು ಈಗ ಪರಿಚಿತ. ಜಗದ್ಗುರು ಹದಿನಾಲ್ಕನೇ ಲಿಯೋ ಅವರು 1977ರಲ್ಲಿ ಗಣಿತದಲ್ಲಿ ಪದವಿ ಪಡೆದದ್ದು ಅಗಸ್ಟಿನ್ ಸಭೆಯವರ ಈ ಸಂಸ್ಥೆಯಲ್ಲಿ. 2016 ಮತ್ತು 2018ರಲ್ಲಿ ಅದರ ತಂಡ ರಾಷ್ಟ್ರೀಯ ಚಾಂಪಿಯನ್. 2022ರಲ್ಲಿ ತರಬೇತುದಾರ ಜೇ ರೈಟ್ ನಿವೃತ್ತರಾದ ಬಳಿಕ ಮೂರು ಋತುಗಳಲ್ಲಿ ಒಮ್ಮೆಯೂ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ದೊರೆಯಲಿಲ್ಲ; 2025ರ ಮಾರ್ಚ್‌ನಲ್ಲಿ ಮತ್ತೊಬ್ಬ ತರಬೇತುದಾರರು ಬಂದರು. ಹಣ, ಹೆಸರು, ಕ್ರೀಡಾಂಗಣ ಎಲ್ಲ ಇದ್ದ ಸಂಸ್ಥೆಗೇ ಮತ್ತೆ ಕಟ್ಟುವ ಕೆಲಸ ಇಷ್ಟು ಕಠಿಣವಾದರೆ, ಸಿಮೆಂಟ್ ಅಂಗಣದಲ್ಲಿ ಬೆಳಿಗ್ಗೆ ಆರಕ್ಕೆ ಅಭ್ಯಾಸ ಮಾಡುವ ನಮ್ಮ ಕಾಲೇಜುಗಳ ಪಾಡೇನು?

ಎರಡು ದಾರಿ

ನಮ್ಮ ಕಾಲೇಜುಗಳ ಮುಂದೆ ಎರಡು ದಾರಿಗಳಿವೆ. ಸಿದ್ಧ ಆಟಗಾರರನ್ನು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ತರುವುದು ಒಂದು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 25 ವರ್ಷದವರೆಗೆ ಆಡಲು ಅವಕಾಶವಿರುವುದರಿಂದ, ಇಪ್ಪತ್ತೆರಡು ದಾಟಿದ ಅನುಭವಿಯನ್ನು ಯಾವುದೋ ಕೋರ್ಸಿಗೆ ಸೇರಿಸಿ ಆಡಿಸುವುದೂ ಸಾಧ್ಯ. 2020ರಲ್ಲಿ ಆರಂಭವಾದ, 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಬಳಿಕ ಪದಕಗಳ ಆಸೆ ಇನ್ನೂ ಹೆಚ್ಚಿದೆ. ಇದರಲ್ಲಿ ಕಾನೂನು ಉಲ್ಲಂಘನೆ ಏನೂ ಇಲ್ಲ. ಆದರೆ ಆ ಯುವಕ ಕೋರ್ಸ್ ಮುಗಿಸುತ್ತಾನೆಯೇ ಎಂದು ಕೇಳುವವರು ಯಾರು?

ಎರಡನೆಯ ದಾರಿ ನಿಧಾನದ್ದು. ಸುತ್ತಲಿನ ಪ್ರೌಢಶಾಲೆ, ಪಿಯು ಕಾಲೇಜುಗಳ ಮಕ್ಕಳಿಗೆ ಸಂಜೆ ಅಂಗಣ ತೆರೆದಿಡುವುದು, ವರ್ಷಕ್ಕೆ ನಾಲ್ವರಂತೆ ಮಾತ್ರ ಸೇರಿಸಿಕೊಳ್ಳುವುದು, ಪದವಿ ಮುಗಿಸಿದ ಒಬ್ಬಿಬ್ಬರನ್ನು ಎಂ.ಕಾಂ. ಅಥವಾ ಎಂ.ಎಸ್.ಡಬ್ಲ್ಯು.ಗೆ ಉಳಿಸಿಕೊಳ್ಳುವುದು. ಹದಿನೆಂಟಕ್ಕೆ ಸೇರಿದವರು ಸ್ನಾತಕೋತ್ತರ ಮುಗಿಸುವಾಗ ಇಪ್ಪತ್ತಮೂರು. ವಯಸ್ಸಿನ ಮಿತಿಯೊಳಗೇ ಐದು ವರ್ಷ ಆಡಿರುತ್ತಾರೆ, ಎರಡು ಪದವಿಗಳೂ ಕೈಯಲ್ಲಿರುತ್ತವೆ. ಮೂರು ವರ್ಷದ ಪದವಿಯ ಕೊರತೆಯನ್ನು ತುಂಬಲು ಇದಕ್ಕಿಂತ ಪ್ರಾಮಾಣಿಕ ಉಪಾಯ ನಮಗೆ ಕಾಣುವುದಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ವಸತಿ, ತರಬೇತಿಯನ್ನು ಒಟ್ಟಿಗೇ ನೀಡುತ್ತಾ ಬಂದಿರುವುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ.

ಆಟದ ನಂತರದ ಬದುಕನ್ನೂ ಯೋಚಿಸಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಬೆಂಗಳೂರಿನಲ್ಲಿ ಬಲಿಷ್ಠ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಕಾಲೇಜಿನಲ್ಲಿ ಚೆನ್ನಾಗಿ ಆಡಿದರೆ ಬ್ಯಾಂಕಿನಲ್ಲಿ ಕೆಲಸ ಎಂಬ ಆಸೆ ಅನೇಕ ಮನೆಗಳಲ್ಲಿತ್ತು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ರೈಲ್ವೆ, ಆದಾಯ ತೆರಿಗೆ ಇಲಾಖೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ಇದೆ, ಆದರೆ ಆ ಬಾಗಿಲು ಕಿರಿದು. ಹನ್ನೆರಡರಲ್ಲಿ ಹೆಚ್ಚಿನವರು ಬದುಕಬೇಕಾದದ್ದು ಪದವಿಯಿಂದಲೇ.

ಹೆತ್ತವರು ಕೇಳಬೇಕಾದದ್ದು

ಹಾಗಾಗಿ ಸೀಟು ಒಪ್ಪುವ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಒಂದು, ಶುಲ್ಕ ವಿನಾಯಿತಿ ಎಲ್ಲ ವರ್ಷಗಳಿಗೂ ಇದೆಯೇ, ಅಥವಾ ಪ್ರತಿ ವರ್ಷ ತಂಡದಲ್ಲಿ ಉಳಿದರೆ ಮಾತ್ರವೇ? ಎರಡು, ಗಾಯವಾದರೆ ಏನು? ಮೊಣಕಾಲಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಅಂಗಣಕ್ಕಿಳಿಯಲು ಸುಮಾರು ಒಂಬತ್ತು ತಿಂಗಳಾದರೂ ಬೇಕು. ಮೂರು ವರ್ಷದ ಪದವಿಯಲ್ಲಿ ಒಂದು ವರ್ಷ ಹಾಗೇ ಹೋಗುತ್ತದೆ. ಆಗ ಹಾಸ್ಟೆಲ್ ಖಾಲಿ ಮಾಡಲು ಹೇಳುತ್ತಾರೆಯೇ? ಮೂರು, ಶೇ. 75 ಹಾಜರಾತಿಯ ನಿಯಮವನ್ನು ಹೇಗೆ ಹೊಂದಿಸುತ್ತಾರೆ? ವಲಯ ಮಟ್ಟದ ಪಂದ್ಯಗಳಿಗೂ ಸೆಮಿಸ್ಟರ್ ಪರೀಕ್ಷೆಗೂ ಘರ್ಷಣೆಯಾದರೆ ತಪ್ಪಿದ ಪರೀಕ್ಷೆಗೆ ಬೇರೆ ದಿನ ಕೊಡುತ್ತಾರೆಯೇ? ತಪ್ಪಿದ ಪಾಠವನ್ನು ಮತ್ತೆ ಕಲಿಸುವವರು ಇದ್ದಾರೆಯೇ? ಹಾಜರಾತಿ ಪುಸ್ತಕದಲ್ಲಿ ಗುರುತು ಹಾಕಿದ ಮಾತ್ರಕ್ಕೆ ಲೆಕ್ಕಶಾಸ್ತ್ರ ತಲೆಗೆ ಹತ್ತುವುದಿಲ್ಲ. ನಾಲ್ಕು, ಈ ವರ್ಷ ಎಷ್ಟು ಮಂದಿಯನ್ನು ಸೇರಿಸಿಕೊಳ್ಳುತ್ತಿದ್ದಾರೆ? ಎಂಟು, ಹತ್ತು ಎಂದರೆ ನಿಮ್ಮ ಮಗುವಿಗೆ ಆಡಲು ಅವಕಾಶ ಎಷ್ಟು ಎಂಬ ಲೆಕ್ಕ ನೀವೇ ಮಾಡಬಹುದು. ಐದು, ಹಿಂದಿನ ಬ್ಯಾಚ್‌ನ ಆಟಗಾರರಲ್ಲಿ ಎಷ್ಟು ಮಂದಿ ಪದವಿ ಪಡೆದಿದ್ದಾರೆ? ಟ್ರೋಫಿಗಳ ಪಟ್ಟಿ ತೋರಿಸುವ ಕಾಲೇಜು ಈ ಪಟ್ಟಿಯನ್ನೂ ತೋರಿಸಲಿ.

ಇದೇ ಮಾತು ನಮ್ಮ ಧರ್ಮಸಭೆಯ ಸಂಸ್ಥೆಗಳಿಗೂ ಅನ್ವಯಿಸುತ್ತದೆ, ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಪ್ರಾಂಶುಪಾಲರ ಕೋಣೆಯ ಕಪಾಟಿನಲ್ಲಿ ಟ್ರೋಫಿಗೆ ಜಾಗವಿರುವುದು ತಪ್ಪಲ್ಲ. ಆದರೆ ಮೊಣಕಾಲು ಮುರಿದುಕೊಂಡ ಎರಡನೇ ವರ್ಷದ ವಿದ್ಯಾರ್ಥಿಯ ಶುಲ್ಕದ ಕಡತ ಅದೇ ಕೋಣೆಗೆ ಬಂದಾಗ ಏನು ಬರೆಯಲಾಗುತ್ತದೆ ಎಂಬುದರಿಂದ ಆ ಸಂಸ್ಥೆ ಯಾರದ್ದೆಂದು ತಿಳಿಯುತ್ತದೆ. ಗಾಯಾಳುವಿನ ಸೀಟನ್ನು ಪದವಿ ಮುಗಿಯುವವರೆಗೆ ಉಳಿಸುತ್ತೇವೆ ಎಂದು ನಮ್ಮ ಎಲ್ಲ ಕಾಲೇಜುಗಳು ಪ್ರವೇಶ ಪತ್ರದಲ್ಲೇ ಮುದ್ರಿಸಿದರೆ ಖರ್ಚು ಹೆಚ್ಚೇನೂ ಆಗದು. ಹನ್ನೆರಡು ಮಂದಿಯ ತಂಡದಲ್ಲಿ ವರ್ಷಕ್ಕೆ ಒಬ್ಬಿಬ್ಬರ ವಿಷಯವಿದು.

ನಮ್ಮ ಚರ್ಚ್ ಮೈದಾನಗಳಲ್ಲಿ, ಯುವ ಸಂಚಾಲನದ ಕೂಟಗಳಲ್ಲಿ ಆಡಿ ಬೆಳೆದ ಮಕ್ಕಳು ಬೆಂಗಳೂರಿಗೆ ಹೋಗಲಿ, ಆಡಲಿ, ಗೆಲ್ಲಲಿ. ಹೋಗುವಾಗ ಅವರ ಚೀಲದಲ್ಲಿ ಶೂಗಳ ಜೊತೆ ಆ ಐದು ಪ್ರಶ್ನೆಗಳ ಉತ್ತರವಿರುವ ಕಾಗದವೂ ಇರಲಿ. ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಹೆತ್ತವರಿಗೆ ಕಷ್ಟವಾದರೆ, ಚರ್ಚಿನ ಶಿಕ್ಷಣ ಸಮಿತಿಯವರು ಜೊತೆಯಲ್ಲಿ ಕುಳಿತು ಓದಿ ಹೇಳಲಿ.