ಆಟ ಅಪ್‌ಡೇಟ್ ಆಯಿತು, ಮಗುವಿನ ಲಸಿಕೆ ಕಾರ್ಡ್ ಆಗಿದೆಯೇ?

ನಾನು ಡಾಕ್ಟರ್ ಅಲ್ಲ, ಅಂಬತ್ತೂರಿನಲ್ಲಿರುವ ಒಬ್ಬ ತಾಯಿ. ಇದು ನನ್ನ ಅಭಿಪ್ರಾಯ. ಪೂರ್ತಿ ಓದಿ, ಆಮೇಲೆ ಹೇಳಿ.

ಹೋದ ತಿಂಗಳು ಒಂದು ಭಾನುವಾರ ಒಂಬತ್ತನೇ ಕ್ಲಾಸಿನ ನನ್ನ ಮಗ ಫೋನ್ ಹಿಡಿದುಕೊಂಡು "ಅಮ್ಮಾ, ಇಡೀ ಪ್ರಪಂಚಕ್ಕೆ ರೋಗ ಹರಡಿಬಿಟ್ಟೆ!" ಎಂದು ಕುಣಿದ. ಕೋವಿಡ್‌ನಲ್ಲಿ ಹಿರಿಯರನ್ನು ಕಳೆದುಕೊಂಡ ಮನೆ ನಮ್ಮದು. ಸಿಟ್ಟು ಬಂದು ಫೋನ್ ಕಿತ್ತುಕೊಂಡೆ. ಆಮೇಲೆ ಆ ಆಟದ ಬಗ್ಗೆ ಓದಿದೆ. ಈಗ ಅವನ ಜೊತೆ ಕೂತು ನಾನೂ ಆಡುತ್ತೇನೆ.

ಆಟದ ಹೆಸರು ಪ್ಲೇಗ್ ಇಂಕ್. ಬ್ರಿಟನ್ನಿನ ಜೇಮ್ಸ್ ವಾನ್ ಎಂಬವರು 2012ರಲ್ಲಿ ತಂದದ್ದು. ಇದರಲ್ಲಿ ಆಡುವವರೇ ರೋಗಾಣು, ಜಗತ್ತನ್ನೆಲ್ಲ ಹಿಡಿಯಬೇಕು. 2020ರ ಜನವರಿಯಲ್ಲಿ ಕೊರೊನಾ ಸುದ್ದಿ ಬಂದಾಗ, ಮುಂದೇನಾಗುತ್ತದೆ ಎಂದು ತಿಳಿಯಲು ಜನ ಇದೇ ಆಟಕ್ಕೆ ಮುಗಿಬಿದ್ದರು. ಆಗ ತಯಾರಕರೇ "ಇದು ಆಟ, ವೈಜ್ಞಾನಿಕ ಮಾದರಿಯಲ್ಲ, ಆರೋಗ್ಯ ಇಲಾಖೆಯ ಮಾತು ಕೇಳಿ" ಎಂಬರ್ಥದ ಪ್ರಕಟಣೆ ಕೊಟ್ಟರು. ಅದೇ ವರ್ಷ ನವೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ತಜ್ಞರ ಸಲಹೆ ಪಡೆದು 'ದಿ ಕ್ಯೂರ್' ಎಂಬ ಅಪ್‌ಡೇಟ್ ತಂದರು. ಅದರಲ್ಲಿ ಪಾತ್ರ ತಿರುವುಮುರುವು. ರೋಗ ಹರಡುವ ಬದಲು ತಡೆಯಬೇಕು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಬೇಕು, ಲಾಕ್‌ಡೌನ್ ಯಾವಾಗ ಎಂದು ನಿರ್ಧರಿಸಬೇಕು, ಲಸಿಕೆ ತಯಾರಿಸಬೇಕು. ಜನರ ನಂಬಿಕೆ ಕಳೆದುಕೊಂಡರೆ ಆಟ ಸೋತಂತೆ.

ಇನ್ನೂ ಶಿಸ್ತಾಗಿ ಕಲಿಯಬೇಕು ಎನ್ನುವ ಮಕ್ಕಳಿಗೆ ನೆಟ್‌ಲೋಗೋ ಇದೆ. ಅಮೆರಿಕದ ಊರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದ ಉಚಿತ ತಂತ್ರಾಂಶ, ಬ್ರೌಸರಿನಲ್ಲೇ ನಡೆಯುತ್ತದೆ. ಎಷ್ಟು ಜನ, ಸೋಂಕು ಎಷ್ಟು ಬೇಗ ಅಂಟುತ್ತದೆ, ಎಷ್ಟು ದಿನಕ್ಕೆ ಗುಣ ಎಂದು ನಾವೇ ಬದಲಾಯಿಸಿ ನೋಡಬಹುದು.

ಇವುಗಳ ಹಿಂದಿರುವ ಲೆಕ್ಕಕ್ಕೆ ನಮ್ಮ ದೇಶದ ನಂಟೂ ಇದೆ. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ಸಾಂಕ್ರಾಮಿಕ ರೋಗದ ಏರಿಳಿತಕ್ಕೆ ಗಣಿತದ ಸೂತ್ರ ಬರೆದರು. ಅದನ್ನು ಹೋಲಿಸಿ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವಿನ ಅಂಕಿಗಳ ಜೊತೆ. ಮೆಕೆಂಡ್ರಿಕ್ ಭಾರತದಲ್ಲೇ ಕೆಲಸ ಮಾಡಿದ್ದ ವೈದ್ಯರು.

ಈಗ ಒಂದು ಸಣ್ಣ ಲೆಕ್ಕ. ದಡಾರ ಬಂದ ಒಂದು ಮಗು, ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ 12ರಿಂದ 18 ಜನರಿಗೆ ಅಂಟಿಸಬಲ್ಲದು. 15 ಎಂದಿಟ್ಟುಕೊಳ್ಳಿ. ನೂರರಲ್ಲಿ 95 ಜನರಿಗೆ ರಕ್ಷಣೆ ಇದ್ದರೆ, 15ರಲ್ಲಿ ಅಂಟುವುದು ಸರಾಸರಿ 0.75 ಜನಕ್ಕೆ. ಒಂದಕ್ಕಿಂತ ಕಡಿಮೆ, ಆದ್ದರಿಂದ ರೋಗ ತಾನಾಗಿ ನಿಲ್ಲುತ್ತದೆ. ರಕ್ಷಣೆ 90ಕ್ಕೆ ಇಳಿದರೆ ಅದು 1.5 ಆಗುತ್ತದೆ. ಇಬ್ಬರಿಂದ ಮೂವರಿಗೆ, ಮೂವರಿಂದ ನಾಲ್ಕೈದು ಜನಕ್ಕೆ, ಹೀಗೆ ಬೆಳೆಯುತ್ತಲೇ ಹೋಗುತ್ತದೆ. ನೂರರಲ್ಲಿ ಬರೀ ಐದು ಮಕ್ಕಳ ವ್ಯತ್ಯಾಸ!

ಆದರೆ ಆಟದಲ್ಲಿ ಒಂದು ಕೊರತೆ ಇದೆ. ಅಲ್ಲಿ ಒಂದು ಇಡೀ ದೇಶ ಎಂದರೆ ಒಂದೇ ಬಣ್ಣ. ನಿಜಜೀವನ ಹಾಗಲ್ಲ. ಕೆಲಸಕ್ಕಾಗಿ ಊರು ಬಿಟ್ಟು ಬಂದ ನಮ್ಮಂಥವರು ಅಕ್ಕಪಕ್ಕದಲ್ಲೇ ಮನೆ ಹಿಡಿಯುತ್ತೇವೆ, ಹಬ್ಬಕ್ಕೆ ಒಟ್ಟಿಗೆ ಸೇರುತ್ತೇವೆ. ಲಸಿಕೆ ತಪ್ಪಿದ ಮಕ್ಕಳು ಒಂದೇ ಕಡೆ ಇದ್ದರೆ, ಊರಿನ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಆ ಬೀದಿಗೆ ಅದು ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ಯಾವುದೋ ಮಾಡೆಲ್ ಹೇಳಿದ ಅಂಕಿಯನ್ನು ಭವಿಷ್ಯವಾಣಿ ಎಂದು ಫಾರ್ವರ್ಡ್ ಮಾಡಬೇಡಿ. "ಇದರಲ್ಲಿ ಏನನ್ನು ಊಹಿಸಿಕೊಂಡಿದ್ದಾರೆ?" ಎಂದು ಕೇಳಲು ಮಕ್ಕಳಿಗೆ ಕಲಿಸಿ.

ಫಾರ್ವರ್ಡ್ ಎಂದಾಗ 2017 ನೆನಪಾಗುತ್ತದೆ. ಆ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ಕಡೆಗಳಲ್ಲಿ ಕರ್ನಾಟಕವೂ ಇತ್ತು, ತಮಿಳುನಾಡೂ ಇತ್ತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ. ಆದರೆ ವಾಟ್ಸಾಪಿನಲ್ಲಿ ಹರಿದಾಡಿದ ವದಂತಿಗಳಿಂದ ತಮಿಳುನಾಡಿನಲ್ಲಿ ಎಷ್ಟೋ ತಂದೆತಾಯಿ ಹೆದರಿ ಹಿಂಜರಿದರು. 'ದಿ ಕ್ಯೂರ್'ನಲ್ಲಿ ಜನರ ನಂಬಿಕೆ ಕುಸಿದಾಗ ಏನಾಗುತ್ತದೋ, ಅದೇ ನಮ್ಮ ಕಣ್ಣೆದುರು ಆಗಿತ್ತು.

ಇಷ್ಟೆಲ್ಲ ಓದಿದ ಮೇಲೆ ಸಣ್ಣ ಮಗಳ ತಾಯಿ ಕಾರ್ಡ್ ಹುಡುಕಿದೆ. ದಾವಣಗೆರೆಯಿಂದ ಬಂದಾಗ ಅವಳಿಗೆ 14 ತಿಂಗಳು. ಒಂಬತ್ತನೇ ತಿಂಗಳಿನ ಮೊದಲ ಡೋಸ್ ಆಗಿತ್ತು. 16ರಿಂದ 24 ತಿಂಗಳೊಳಗೆ ಆಗಬೇಕಿದ್ದ ಎರಡನೆಯದು ಖಾಲಿ. ಮನೆ ಬದಲಾವಣೆ, ಹೊಸ ಊರು, ಬಾರದ ತಮಿಳು, ಎಲ್ಲದರ ನಡುವೆ ಮರೆತೇ ಹೋಗಿತ್ತು. ಯಾರ ತಪ್ಪೂ ಅಲ್ಲ, ನನ್ನದೇ. ಅವಳಿಗೆ ಈಗ ನಾಲ್ಕು ವರ್ಷ. ಫೋನ್ ರಾತ್ರಿ ಚಾರ್ಜಿಗಿಟ್ಟರೆ ತಾನೇ ಅಪ್‌ಡೇಟ್ ಆಗುತ್ತದೆ, ಕಾರ್ಡ್ ಆಗುವುದಿಲ್ಲ.

ಒಂಬತ್ತು ತಿಂಗಳಿಗೆ ಹಾಕಿಸುವ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಉಳಿದವರಿಗಾಗಿಯೇ ಎರಡನೆಯದು. ದಡಾರ ಬರೀ ಮೈಮೇಲೆ ಏಳುವ ಗುಳ್ಳೆಯಲ್ಲ. ನ್ಯುಮೋನಿಯಾ, ಮೆದುಳಿನ ಊತ, ಕುರುಡುತನ, ಸಾವೂ ಆಗಬಹುದು.

ನನ್ನ ವಿನಂತಿ ಇಷ್ಟೇ:

1. ಇವತ್ತೇ ಕಾರ್ಡ್ ತೆಗೆದು ನೋಡಿ, ಫೋಟೋ ಹಿಡಿದಿಟ್ಟುಕೊಳ್ಳಿ.
2. ಡೋಸ್ ತಪ್ಪಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರಿ ಕಾರ್ಯಕ್ರಮದಲ್ಲಿ ತಪ್ಪಿದ ಈ ಲಸಿಕೆಯನ್ನು 5 ವರ್ಷದವರೆಗೆ ಉಚಿತವಾಗಿ ಹಾಕುತ್ತಾರೆ. ನಮ್ಮ ಕಡೆ ಗುರುವಾರ ಇದ್ದಂತೆ ಇಲ್ಲಿ ಸಾಮಾನ್ಯವಾಗಿ ಬುಧವಾರ. ಒಮ್ಮೆ ಕೇಳಿಕೊಂಡು ಹೋಗಿ.
3. ತಮಿಳು ಬಾರದಿದ್ದರೆ ಎರಡು ಪದ ಸಾಕು. ಲಸಿಕೆಗೆ 'ತಡುಪ್ಪೂಸಿ', ದಡಾರಕ್ಕೆ 'ತಟ್ಟಮ್ಮೈ'.
4. ಕಾರ್ಡ್ ಕಳೆದಿದ್ದರೂ ಸಂಕೋಚ ಬೇಡ, ಹೋಗಿ ಕೇಳಿ.

ಕಳೆದ ಬುಧವಾರ ಮಗಳಿಗೆ ಡೋಸ್ ಹಾಕಿಸಿಕೊಂಡು ಬಂದೆವು. ಐದು ನಿಮಿಷ ಅತ್ತಳು, ಚಾಕಲೇಟ್ ಕೊಡಿಸಿದೆ. ಮಗ "ಈಗ ನಮ್ಮ ಮನೆಯೂ ಅಪ್‌ಡೇಟ್ ಆಯ್ತು" ಎಂದ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ಬೀದಿಯಲ್ಲಿ ಊರಿಂದ ಹೊಸದಾಗಿ ಬಂದ ಕನ್ನಡದವರಿದ್ದರೆ ದಯವಿಟ್ಟು ಇದನ್ನು ಅವರಿಗೆ ತಲುಪಿಸಿ. ಎಲ್ಲರ ಮಕ್ಕಳೂ ಚೆನ್ನಾಗಿರಲಿ.